ಹೊಳೆಗುಂಡಾಳದ ಅಳತೆ

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಬೆಳಗ್ಗೆ ಆರು ಗಂಟೆ ಐದು ನಿಮಿಷಕ್ಕೆ ಹೊಳೆಗುಂಡಾಳದಿಂದ ನೀರಿನ ಅಳತೆ ಬಂತು. ಎರಡು ಮೀಟರ್ ಹತ್ತು ಸೆಂಟಿಮೀಟರ್.

ನೆರೆ ನಿಯಂತ್ರಣ ಕೊಠಡಿಯ ಬೆಳಗಿನ ಪಾಳಿಯಲ್ಲಿ ಕೂತಿದ್ದ ಕಸ್ತೂರಿ ಹಾದಿಮನಿ ಅದನ್ನು ನಕ್ಷೆಯಲ್ಲಿ ಗುರುತು ಮಾಡಲು ಹೋಗಿ ಕೈ ತಡೆದಳು. ಗೋಡೆಯ ಕ್ಯಾಲೆಂಡರ್ ನೋಡಿದಳು, ಗಡಿಯಾರ ನೋಡಿದಳು, ಮತ್ತೆ ಪರದೆ ನೋಡಿದಳು.

ಕರಿಹೊಳೆಯ ಉದ್ದಕ್ಕೂ ಹದಿನೇಳು ಕಡೆ ಅಳತೆ ಕಂಬಗಳಿದ್ದವು. ನೀರಿನ ಮಟ್ಟವನ್ನು ತಾನೇ ಅಳೆದು ತಿಳಿಸುವ ಯಂತ್ರಗಳನ್ನು ಮೂರು ಸಲ ಕೂಡಿಸಿ, ಮೂರೂ ಸಲ ಹೊಳೆಗೆ ಕೊಟ್ಟಾಗಿತ್ತು. ಕೊನೆಗೆ ಉಳಿದದ್ದು ಸುಣ್ಣ ಬಳಿದ ಕಂಬ ಮತ್ತು ಅದನ್ನು ಓದುವ ಮನುಷ್ಯ. ಹೊಳೆಗುಂಡಾಳದ ಕಂಬವನ್ನು ಇಪ್ಪತ್ತಾರು ವರ್ಷಗಳಿಂದ ಓದುತ್ತಿದ್ದವನು ಯಮನಪ್ಪ ಅಂಬಿಗೇರ. ಅವನು ಅಮಾವಾಸ್ಯೆಯ ದಿನ ಏಳೂವರೆಗಿಂತ ಮೊದಲು ಅಳತೆ ಕಳಿಸುತ್ತಿರಲಿಲ್ಲ. ಕಸ್ತೂರಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದಕ್ಕಾಗಿ ಅವನಿಗೆ ತಿಳಿವಳಿಕೆ ಪತ್ರ ಕೊಟ್ಟಿದ್ದಳು. ಅವನು ಬಸ್ಸು ಹಿಡಿದು ಖುದ್ದಾಗಿ ಬಂದು, ಟೊಪ್ಪಿಗೆ ತೆಗೆದು ನಿಂತು ಹೇಳಿದ್ದ: "ಅಕ್ಕಾರ, ದಿನಾ ತುಳೀತೀವಿ ಆಕೀನ್ನ. ಅಮಾಸಿಗೊಮ್ಮೆರ ಮೊದಲು ಕೈ ಮುಗದು, ಕಾಯಿ ಒಡದು, ಆಮ್ಯಾಲ ನೀರಾಗ ಕಾಲಿಡಬೇಕಲ್ರೀ. ಗಂಗವ್ವ ನಿಮ್ಮ ಪತ್ರ ಓದಂಗಿಲ್ರಿ."

ಹನ್ನೊಂದು ವರ್ಷಗಳಲ್ಲಿ ಆ ಮಾತು ಒಂದು ತಿಂಗಳೂ ತಪ್ಪಿರಲಿಲ್ಲ.

ಅವಳು ಫೋನು ಮಾಡಿದಳು. ಸ್ವಿಚ್ ಆಫ್ ಆಗಿತ್ತು. ಎಲ್ಲರೂ ಬಳಸುವ 'ಓಲೆ' ಆ್ಯಪ್‌ನಲ್ಲಿ ಸಂದೇಶ ಹಾಕಿದಳು: "ಯಮನಪ್ಪಾ, ಪೂಜಾ ಆತೇನು?" ಸ್ವಲ್ಪ ಹೊತ್ತಿನಲ್ಲಿ ಉತ್ತರ ಬಂತು: "ಆತ್ರಿ ಅಕ್ಕಾರ. ನೀವು ಆರಾಮ?"

ಆರಿದ ಫೋನಿನಿಂದ ಉತ್ತರ ಬರುವುದರಲ್ಲಿ ಈಗೀಗ ವಿಶೇಷವೇನೂ ಇರಲಿಲ್ಲ. ಓಲೆಯನ್ನು ಕಂಪ್ಯೂಟರಿನ ಬ್ರೌಸರ್‌ನಲ್ಲೂ ತೆರೆಯಬಹುದಿತ್ತು. ಪರದೆಯ ಮೇಲೆ ಕಪ್ಪು-ಬಿಳಿ ಚೌಕಳಿಯ ಗುರುತು ಮೂಡುತ್ತದೆ. ಫೋನಿನ ಕ್ಯಾಮೆರಾವನ್ನು ಅದಕ್ಕೆ ಹಿಡಿದರೆ ಎರಡೂ ಜೋಡಣೆಯಾಗುತ್ತವೆ, ಹಳೆಯ ಮಾತುಕತೆಯೆಲ್ಲ ಕಂಪ್ಯೂಟರಿಗೆ ಇಳಿಯುತ್ತದೆ. ಮೊದಲು ಬ್ರೌಸರ್ ಬರೀ ಕನ್ನಡಿಯಾಗಿತ್ತು, ಫೋನು ಆರಿದರೆ ಅದೂ ಆರುತ್ತಿತ್ತು. ಆಮೇಲೆ ಅದಕ್ಕೆ ಸ್ವಂತ ಕೀಲಿ ಬಂತು. ಫೋನು ಸತ್ತಿದ್ದರೂ ಹದಿನಾಲ್ಕು ದಿನ ತಾನೇ ನಡೆಯುತ್ತಿತ್ತು. ಈ ವರ್ಷ ಮಾರ್ಚಿನಲ್ಲಿ ಕಂಪನಿ 'ಪ್ರತಿದನಿ' ಎಂಬ ಹೊಸ ಅನುಕೂಲ ಸೇರಿಸಿತ್ತು. ನಿಮ್ಮ ಹಳೆಯ ಸಂದೇಶಗಳನ್ನೆಲ್ಲ ಓದಿ, ನಿಮ್ಮದೇ ಧಾಟಿಯಲ್ಲಿ, ನಿಮ್ಮದೇ ತಪ್ಪುಗಳ ಸಮೇತ ಅದು ಉತ್ತರ ಬರೆಯುತ್ತಿತ್ತು. ಫೋನಿಗೆ ಆ ಭಾರ ತಡೆಯದು. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಐದು ನಿಮಿಷ ಕಾಯುವುದು, ಫೋನಿನವನು ಉತ್ತರಿಸದಿದ್ದರೆ ತಾನು ಉತ್ತರಿಸುವುದು. ಬಳಸುವವರು ಬಳಸುತ್ತಿದ್ದರು. ಕಸ್ತೂರಿಗೆ ಅದು ಬೇಕೆನಿಸಿರಲಿಲ್ಲ.

ಒಂಬತ್ತು ಗಂಟೆಗೆ ಸಹಾಯಕ ಎಂಜಿನಿಯರ್ ಕಮತಗಿ ಬಂದ. ಅವಳು ವಿಷಯ ಹೇಳಿದಳು.

"ಫೋನ್ ಆಫ್ ಇದ್ರೇನಾತು? ಕಂಪ್ಯೂಟರಿನ್ಯಾಗ ಓಲೆ ತಗದಿಟ್ಟಿರ್ತಾನ."

"ಯಮನಪ್ಪನ ಹಂತ್ಯಾಕ ಕಂಪ್ಯೂಟರ್ ಎಲ್ಲಿಂದ ಬಂತ್ರಿ, ಸರ್? ಅವನ ಮನ್ಯಾಗ ಫ್ಯಾನೂ ಇಲ್ಲ."

ಕಮತಗಿ ಕನ್ನಡಕ ಒರೆಸಿಕೊಂಡ. "ಕಸ್ತೂರಿಬಾಯಾರ, ಅಳತಿ ಬಂತಿಲ್ಲ? ಹೊತ್ತಿಗೆ ಸರಿಯಾಗಿ ಬಂದೈತಿ ಅಂದ್ರೂ ನಿಮಗ ಸಮಾಧಾನ ಇಲ್ಲಲ್ಲ! ತಡಾ ಆದ್ರ ನೀವ ಬೈತಿದ್ರಿ. ಈ ತಿಂಗಳು ಹದಿನೇಳೂ ಕಡೆ ನೂರಕ್ಕ ನೂರು ಐತಿ. ಮ್ಯಾಲಿನವರು ನಮ್ಮ ಕೊಠಡೀನ ಮಾದರಿ ಅನ್ನಾಕತ್ತಾರ. ಸುಮ್ಮ ಇರ್ರಿ ಒಂದೀಟು."

ಒಂದೂ ಕಾಲಿಗೆ ಅವಳು ದಿನದ ಪದ್ಧತಿಯಂತೆ ಗಂಡ ಶಿವಯೋಗಿಗೆ ಓಲೆ ಹಾಕಿದಳು. "ಡಬ್ಬಿ ಉಂಡ್ರ್ಯಾ?" ಅವನು ಕಾಲೇಜಿನ ಕಚೇರಿಯಲ್ಲಿ ಮೇಲ್ವಿಚಾರಕ. "ಉಂಡೆ. ಬದನಿಕಾಯಿ ಭಾಳ ಛಲೋ ಆಗಿತ್ತು" ಎಂದು ಉತ್ತರ ಬಂತು.

ಎರಡೂವರೆಗೆ ಮನೆಗೆ ಬಂದಾಗ ಅಡಿಗೆಮನೆಯ ಕಟ್ಟೆಯ ಮೇಲೆ ಅತ್ತೆ ಶಂಕ್ರವ್ವ ಹೊಲದ ಮಣ್ಣಿನಿಂದ ಜೋಡಿ ಎತ್ತು ಮಾಡಿ, ಕೋಡಿಗೆ ಜೋಳದ ಕಾಳು ಸಿಕ್ಕಿಸುತ್ತಿದ್ದಳು. ಎತ್ತುಗಳ ಪಕ್ಕದಲ್ಲಿ ಶಿವಯೋಗಿಯ ಊಟದ ಡಬ್ಬಿ ಇತ್ತು.

"ಇದೇನತ್ತಿ ಇಲ್ಲೈತಿ?"

"ಮರತ ಹೋದ ನಿನ್ನ ಗಂಡ. ಹತ್ತಕ್ಕ ಫೋನ್ ಮಾಡಿ ಹೇಳಿದೆ. ಕ್ಯಾಂಟೀನ್ಯಾಗ ಉಣ್ತೀನಿ ಬಿಡಬೇ ಅಂದ. ಹಬ್ಬದ ದಿನ ಕ್ಯಾಂಟೀನಂತ!"

ಕಸ್ತೂರಿ ಡಬ್ಬಿ ತೆರೆದಳು. ಬೆಳಗಿನ ಸೆಕೆಗೆ ಬದನೆಕಾಯಿ ಎಣ್ಣೆ ಬಿಟ್ಟು ಹುಳಿತು ಹೋಗಿತ್ತು. ವಾಸನೆ ಮೂಗಿಗೆ ಬಡಿಯಿತು. ಅದನ್ನು ಹಾಗೇ ತೆರೆದಿಟ್ಟು, ಫೋನು ತೆಗೆದು ಗಂಡನ ಸಂದೇಶಗಳನ್ನು ಹಿಂದಕ್ಕೆ ಸರಿಸುತ್ತ ಹೋದಳು. ಉಂಡೆ, ಛಲೋ ಇತ್ತು. ಉಂಡೆ, ಸಾರು ಮಸ್ತ್ ಆಗಿತ್ತು. ಉಂಡೆ, ನೀನೂ ಉಣ್ಣು. ಪ್ರತಿಯೊಂದೂ ಅವಳು ಕೇಳಿದ ಸರಿಯಾಗಿ ಐದು ನಿಮಿಷಕ್ಕೆ ಬಂದಿತ್ತು. ಏಪ್ರಿಲಿನಲ್ಲಿ ಒಂದು ದಿನ ಅವಳು ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಆ ದಿನವೂ ಮಸ್ತ್ ಆಗಿತ್ತು. ಅದನ್ನು ಓದಿ ಆಗ ಅವಳು ನಾಚಿ, ಇಷ್ಟು ವರ್ಷದ ಮೇಲೆ ಗಂಡನಿಗೆ ಒಳ್ಳೆಯ ಬುದ್ಧಿ ಬಂತೆಂದು ಒಬ್ಬಳೇ ನಕ್ಕಿದ್ದಳು.

ಮೂರು ತಿಂಗಳು ಕಾಲೇಜಿನ ಒಂದು ಕಂಪ್ಯೂಟರ್ ಅವಳ ಅಡಿಗೆಯನ್ನು ಹೊಗಳಿತ್ತು.

ಅವಳು ಯಮನಪ್ಪನ ಅಳತೆಗಳ ಹೊತ್ತು ನೋಡಿದಳು. ಈ ತಿಂಗಳ ಮೊದಲ ವಾರ ಆರು ಒಂದು, ಆರು ಮೂರು, ಐದು ಐವತ್ತೆಂಟು, ಹೀಗೆ ಮನುಷ್ಯನ ಕಾಲು ಎಳೆದ ಹಾಗೆ ಹಿಂದೆಮುಂದೆ ಇತ್ತು. ಕೊನೆಯ ಹತ್ತು ಅಳತೆಗಳು ಹತ್ತೂ ಆರು ಗಂಟೆ ಐದು ನಿಮಿಷಕ್ಕೆ ಬಂದಿದ್ದವು.

"ಹೋಳಿಗಿ ಹಚ್ಚೂದೈತಿ, ಎಲ್ಲಿ ಹೊಂಟಿ?" ಎಂದಳು ಅತ್ತೆ.

"ಆಫೀಸಿಗೆ."

ನಿಯಂತ್ರಣ ಕೊಠಡಿಯ ಹಿಂದಿನ ಮೂಲೆಯಲ್ಲಿ ಬಟ್ಟೆ ಹೊದಿಸಿದ ಒಂದು ಕಂಪ್ಯೂಟರ್ ಇತ್ತು. ಅದರ ಮೇಲೆ 'ಕೆಟ್ಟಿದೆ, ಮುಟ್ಟಬೇಡಿ' ಎಂಬ ಚೀಟಿ ಅಂಟಿಸಿತ್ತು. ಮಧ್ಯಾಹ್ನದ ಪಾಳಿಯವನು ಚಹಾಕ್ಕೆ ಹೋಗಿದ್ದ. ಕಸ್ತೂರಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಬಿಸಿಯಾಗಿತ್ತು. ಬಟ್ಟೆ ಎಳೆದಳು.

ಬ್ರೌಸರ್‌ನಲ್ಲಿ ಹದಿನೇಳು ಕಿಟಕಿಗಳು ತೆರೆದಿದ್ದವು. ಒಂದೊಂದರ ಮೇಲೂ ಒಬ್ಬೊಬ್ಬ ಅಳತೆಗಾರನ ಹೆಸರು.

ಹೋದ ಸಭೆ ಅವಳಿಗೆ ನೆನಪಾಯಿತು. ಹಿಂದಿನ ಅಮಾವಾಸ್ಯೆ ಕಳೆದು ಐದಾರು ದಿನಕ್ಕೆ ಕಮತಗಿ ಹದಿನೇಳು ಜನರನ್ನೂ ಕರೆಸಿ, 'ಫೋನಿಗೆ ಹೊಸ ಆವೃತ್ತಿ ಹಾಕ್ತೀವಿ' ಎಂದು ಒಬ್ಬೊಬ್ಬರ ಫೋನನ್ನೂ ಇಸಿದುಕೊಂಡು ಇದೇ ಪರದೆಗೆ ಹಿಡಿದಿದ್ದ. "ಸಾಹೇಬ್ರ, ನಮ್ಮ ಫೋಟೋ ತಗೀತೈತೇನ್ರಿ ಇದು?" ಎಂದು ಯಮನಪ್ಪ ಕೇಳಿದ್ದ. "ಹೂಂ ಮಾರಾಯ, ನಿಂದು ಛಂದ ಬಂತು ನೋಡು" ಎಂದಿದ್ದ ಕಮತಗಿ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು.

ಆರು ಗಂಟೆಗೆ ಈ ಕೊಠಡಿಯ ಒಂದು ಕಂಪ್ಯೂಟರ್ 'ಇಂದಿನ ಅಳತೆ ಕಳುಹಿಸಿ' ಎಂದು ಕೇಳುತ್ತಿತ್ತು. ಆರೂ ಐದಕ್ಕೆ ಎಂಟು ಅಡಿ ದೂರದ ಈ ಕಂಪ್ಯೂಟರ್ ಹಳೆಯ ಅಂಕಿಗಳ ಓಟ ನೋಡಿ, ಅದಕ್ಕೆ ಹೊಂದುವ ಹೊಸ ಅಂಕಿ ಬರೆದು ಉತ್ತರಿಸುತ್ತಿತ್ತು. 'ನಮೂದಿಸಲಾಗಿದೆ, ಧನ್ಯವಾದ' ಎಂದು ಮೊದಲನೆಯದು ಮುಗಿಸುತ್ತಿತ್ತು. ಹೊಳೆ ತನ್ನ ಪಾಡಿಗೆ ನಲವತ್ತು ಕಿಲೋಮೀಟರ್ ಆಚೆ ಹರಿಯುತ್ತಿತ್ತು.

ಅವಳು ಯಮನಪ್ಪನ ಕಿಟಕಿ ತೆರೆದಳು. ಇನ್ನೊಬ್ಬರ ಪತ್ರ ಒಡೆದು ಓದುವ ಹೇಸಿಗೆ ಕೈಗೆ ಅಂಟಿದಂತಾಗಿ, ಕೈಯನ್ನು ಸೀರೆಗೆ ಒರೆಸಿಕೊಂಡು ಓದಿದಳು.

ಮೇಲುಗಡೆ ಇಳಕಲ್ಲಿನಲ್ಲಿರುವ ಮಗಳು ರೇಣವ್ವನ ಸಂದೇಶಗಳಿದ್ದವು. "ಅಪ್ಪಾ ಉಂಡಿ?" "ಉಂಡೆ. ನೀ ಉಂಡಿಯೇನವಾ?" "ಫೋನ್ ಯಾಕ ಹತ್ತವಲ್ದು?" "ನೆಟ್‌ವರ್ಕ್ ಇಲ್ಲ. ಮೆಸೇಜ್ ಹಾಕು ಸಾಕು." ಒಂಬತ್ತು ದಿನ ಹೀಗೇ ನಡೆದಿತ್ತು.

ಅದರ ಕೆಳಗೆ ಹೊಳೆಗುಂಡಾಳದ ಊರ ಬಳಗದ ಗುಂಪು ಇತ್ತು. ಆರು ದಿನದ ಹಿಂದೆ ಯಾರೋ ಅಲ್ಲಿಗೆ ಒಂದು ಫೋಟೋ ರವಾನಿಸಿದ್ದರು. ಆಸ್ಪತ್ರೆಯ ಮಂಚ, ಮುಖದ ಅರ್ಧಕ್ಕೆ ಬ್ಯಾಂಡೇಜು, ಸುಮಾರು ಅರವತ್ತರ ಗಂಡಸು. ಸೇತುವೆ ಹತ್ತಿರ ರಸ್ತೆ ಬದಿಗೆ ಬಿದ್ದಿದ್ದವನನ್ನು ಲಾರಿಯವರು ತಂದು ಸೇರಿಸಿದ್ದಾರೆ, ಲಕ್ವ ಹೊಡೆದು ಮಾತು ಹೋಗಿದೆ, ಗುರುತು ಸಿಕ್ಕವರು ತಾಲೂಕಾಸ್ಪತ್ರೆಗೆ ತಿಳಿಸಿ ಎಂದು ಕೆಳಗೆ ಬರೆದಿತ್ತು.

ಚಹಾದಂಗಡಿಯ ಪಾರವ್ವ ಉತ್ತರ ಹಾಕಿದ್ದಳು: "ಇವ್ರು ನಮ್ಮ ಯಮನಪ್ಪ ಕಾಕಾನಂಗ ಕಾಣಸ್ತಾರಲ್ರೀ?"

ಐದು ನಿಮಿಷದ ನಂತರ ಯಮನಪ್ಪನ ಹೆಸರಿನಲ್ಲಿ ಬಂದಿತ್ತು: "ಹ್ಹಹ್ಹ. ನಾ ಇಲ್ಲೇ ಅದೀನವಾ ತಂಗಿ. ಪಾಪ, ಯಾರೋ ಏನೋ. ದೇವ್ರು ಒಳ್ಳೇದು ಮಾಡ್ಲಿ."

ಗುಂಪಿನವರು ನಗುಮುಖಗಳನ್ನು ಹಾಕಿ, ಮುಂದಿನ ಮಾತಿಗೆ ಹೋಗಿದ್ದರು.

ಕಸ್ತೂರಿ ಎದ್ದು ಕಿಟಕಿಗೆ ಹೋಗಿ ಹೊರಗೆ ಉಗಿದಳು. ಬಾಯಲ್ಲಿ ಏನೂ ಇರಲಿಲ್ಲ, ಆದರೂ ಉಗಿದಳು. ಬಂದು ಪರದೆಯ ಪ್ರತಿ ಪುಟವನ್ನೂ ತನ್ನ ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಆಮೇಲೆ ಆಸ್ಪತ್ರೆಗೆ ಫೋನು ಮಾಡಿದಳು. ಹೆಸರಿಲ್ಲದ ಆ ರೋಗಿ ಇನ್ನೂ ಅಲ್ಲೇ ಇದ್ದ. ಯಮನಪ್ಪನಿಗಿರುವಂತೆ ಬಲಗೈಯ ಮೇಲೆ ಮೀನಿನ ಹಚ್ಚೆ ಇದೆಯೇ ಎಂದು ಕೇಳಿದಳು. ನರ್ಸು ಹೋಗಿ ನೋಡಿ ಬಂದು ಇದೆ ಎಂದಳು.

ಮುಂದಿನ ಕರೆ ರೇಣವ್ವನಿಗೆ.

"ನಮ್ಮಪ್ಪಗ ಲಕ್ವಾ? ಯಾರ್ರೀ ನೀವು? ಮುಂಜಾನೆರ ಮೆಸೇಜ್ ಹಾಕ್ಯಾನ, ಪೂಜಾ ಆತು ಅಂತ. ಹಿಂಗ ಹೇಳಿ ಓಟಿಪಿ ಕೇಳೋ ಮಂದಿ ಭಾಳ ಆಗ್ಯಾರ, ಇಡ್ರಿ ಫೋನು!"

ಪರದೆಯ ಮೇಲೆ ರೇಣವ್ವನ ಪ್ರಶ್ನೆ ಮೂಡಿತು. "ಅಪ್ಪಾ, ನೀ ದವಾಖಾನ್ಯಾಗ ಅದೀ ಅಂತ ಯಾರೋ ಹೇಳ್ತಾರ. ಖರೇನು?"

ಅಷ್ಟರಲ್ಲಿ ಕಮತಗಿ ಒಳಗೆ ಬಂದ. ತೆರೆದ ಕಂಪ್ಯೂಟರ್ ನೋಡಿ ಬಾಗಿಲಲ್ಲೇ ನಿಂತ.

"ಅದನ್ನ ಯಾರು ತಗೀ ಅಂದ್ರು ನಿಮಗ?"

"ಯಮನಪ್ಪಗ ಲಕ್ವಾ ಹೊಡದು ಒಂಬತ್ತು ದಿನ ಆತು, ಸರ್. ಹೆಸರಿಲ್ಲದ ಮನಷ್ಯಾ ಅಂತ ಮಲಗಸ್ಯಾರ. ಇಲ್ಲಿ ನಿಮ್ಮ ಯಂತ್ರ ಅವನ ಮಗಳಿಗೆ ಉಂಡೆ ಉಂಡೆ ಅಂತ ಬರ್ಯಾಕತ್ತೈತಿ."

ಕಮತಗಿ ಕುರ್ಚಿ ಎಳೆದು ಕೂತ. ಅವನ ಮುಖ ನಿಜವಾಗಿ ಬಿಳಿಚಿತ್ತು. "ನಾ ಅಳತಿಗಷ್ಟ ಅಂತ ಹಾಕಿದ್ದೆ. ಮನೀ ಮಾತಿಗೂ ಅದು ಬಾಯಿ ಹಾಕ್ತೈತಿ ಅಂತ ನನಗೇನು ಕನಸು ಬಿದ್ದಿತ್ತಾ?" ಆಮೇಲೆ ತಾನೇ ತನಗೆ ಧೈರ್ಯ ಹೇಳಿಕೊಂಡ. "ಮತ್ತ ಫೋನ್ ಆರಿ ಹದಿನಾಲ್ಕು ದಿನ ಆದ್ರ ಅದು ತಾನ ಬಂದ್ ಆಗ್ತೈತಿ. ಇನ್ನೈದು ದಿನಕ್ಕ ಎಲ್ಲಾ ಗೊತ್ತಾಗತಿತ್ತು. ನಾವೇನು ಕಾಯಂ ಮುಚ್ಚಿಡ್ತಿದ್ವಿ ಅಂತಲ್ಲ."

"ಇನ್ನೈದು ದಿನ?"

"ನೀವು ಹಂಗ ನೋಡಬ್ಯಾಡ್ರಿ. ಒಂದು ಅಳತಿ ತಪ್ಪಿದ್ರ ಮ್ಯಾಲಿನವರಿಗೆ ಉತ್ತರ ಕೊಡಾಂವ ನಾನು. ಹದಿನೇಳು ಮಂದಿ ದಿನಾ ಹೊತ್ತಿಗೆ ಸರಿಯಾಗಿ ಏಳ್ತಾರ ಅಂತ ನಂಬಿ ಕೂಡಾಕ ಆಗ್ತೈತೇನು?"

ಮಾತು ನಡೆದಂತೆಯೇ ಐದು ನಿಮಿಷ ಮುಗಿದಿತ್ತು. ಇಬ್ಬರ ಕಣ್ಣೆದುರಿಗೇ ಯಮನಪ್ಪನ ಕಿಟಕಿಯಲ್ಲಿ ಅಕ್ಷರಗಳು ಮೂಡಿದವು. "ಇಲ್ಲವಾ, ನಾ ಆರಾಮ ಅದೀನಿ. ಸುಳ್ಳ ಮಂದಿ ಮಾತು ಕೇಳಬ್ಯಾಡ. ಹೋಳಿಗಿ ಮಾಡಿದಿ?"

ಕಮತಗಿ ಮುಖ ತಿರುಗಿಸಿದ.

ಕಸ್ತೂರಿ ಮತ್ತೆ ಫೋನು ಹಚ್ಚಿದಳು. ರೇಣವ್ವ ಎತ್ತಿದ ಕೂಡಲೇ ಬೈಗುಳ ಶುರುವಾಯಿತು. ಕಸ್ತೂರಿ ಪೂರ್ತಿ ಕೇಳಿದಳು.

"ಬೈವಾ, ಆಮ್ಯಾಲ ಇನ್ನೂ ಬೈವಂತಿ. ಒಂದ ಒಂದು ಕೆಲಸ ಮಾಡು. ನಿಮ್ಮಪ್ಪನ ಓಲೆ ನನ್ನೆದುರಿಗಿರೋ ಕಂಪ್ಯೂಟರಿನ್ಯಾಗ ತೆರದೈತಿ. ಈಗ ಬಂದದ್ದು ಓದ್ತೀನಿ ಕೇಳು: ಹೋಳಿಗಿ ಮಾಡಿದಿ ಅಂತ ಕೇಳೈತಿ. ಹೌದಲ್ಲ?"

ಕಸ್ತೂರಿ ಮೌಸು ಹಿಡಿದಳು.

"ನಾ ಇದನ್ನೀಗ ಬಂದ್ ಮಾಡ್ತೀನಿ. ಆಮ್ಯಾಲ ನೀ ಬರೀ. ಉತ್ತರ ಬಂದ್ರ ನಾನು ಸುಳ್ಳಿ."

ಅವಳು 'ಜೋಡಣೆ ಕಡಿ' ಎಂಬಲ್ಲಿ ಒತ್ತಿದಳು. ಯಮನಪ್ಪನ ಮಾತುಗಳು ಹೋಗಿ, ಹೊಸ ಚೌಕಳಿಯೊಂದು ಪರದೆಗೆ ಬಂದು ಇನ್ನೊಂದು ಫೋನಿಗಾಗಿ ಕಾಯುತ್ತ ನಿಂತಿತು. ಫೋನಿನ ಆ ತುದಿಯಲ್ಲಿ ರೇಣವ್ವ ಬರೆಯುವ ಟಕಟಕ ಕೇಳಿಸಿತು. ಐದು ನಿಮಿಷ ಇಬ್ಬರೂ ಫೋನು ಹಿಡಿದುಕೊಂಡೇ ಇದ್ದರು. ಆರನೇ ನಿಮಿಷಕ್ಕೆ ರೇಣವ್ವ ಕೇಳಿದಳು:

"ಒಂದ ಗೀಟು ಬಂದೈತ್ರಿ ಅಕ್ಕಾರ. ಮುಟ್ಟಿತು ಅನ್ನೋ ಎರಡನೇದು ಬೀಳವಲ್ದು. ಹಂಗಾದ್ರ ಇಷ್ಟ ದಿನ ನಾ ಯಾರ ಜೋಡಿ ಮಾತಾಡಿದೆ?"

ಕಸ್ತೂರಿ ಆಸ್ಪತ್ರೆಯ ಹೆಸರು, ವಾರ್ಡು, ಮಂಚದ ಸಂಖ್ಯೆ ಹೇಳಿದಳು.

ಹೊಳೆಗುಂಡಾಳದ ಪಾರವ್ವನಿಗೂ ಫೋನು ಮಾಡಿ, ಕಂಬದಲ್ಲಿ ಈಗ ನೀರು ಎಷ್ಟಿದೆ ನೋಡಿ ಹೇಳು ಎಂದಳು.

"ಯಾವ ಕಂಬಾರೀ? ಅದು ಕಿತ್ತಕೊಂಡ ಹೋಗಿ ಎಂಟು ದಿನ ಆತು. ಹೋದ ವಾರ ನೀರು ಏರಿತ್ತಲ್ರೀ ಗಪ್ಪನ. ನಾವ ಸಪ್ಪಳ ಕೇಳಿ ಗಂಟುಮೂಟಿ ಹೊತ್ತು ಮ್ಯಾಲೆ ಬಂದ್ವಿ. ನಿಮ್ಮ ಕಡಿಂದ ಒಬ್ಬರೂ ಹೇಳಲಿಲ್ಲ."

ಸಂಜೆ ಐದೂಮುಕ್ಕಾಲಿಗೆ ಕಸ್ತೂರಿ ಆಸ್ಪತ್ರೆ ಮುಟ್ಟಿದಳು. ಯಮನಪ್ಪನ ಬಾಯಿ ಒಂದು ಬದಿಗೆ ಎಳೆದಿತ್ತು. ಕಣ್ಣು ಅವಳ ಗುರುತು ಹಿಡಿಯಿತು. ಅವನು ಚಲಿಸುವ ಒಂದೇ ಕೈಯನ್ನು ಎತ್ತಿ ಮೂರು ಬೆರಳು ತೋರಿಸಿದ, ಮಡಚಿದ, ನಾಲ್ಕು ಬೆರಳು ತೋರಿಸಿದ. ಮತ್ತೆ ಮೂರು, ಮತ್ತೆ ನಾಲ್ಕು.

"ಬಂದಾಗಿಂದ ಹಿಂಗ ಮಾಡ್ತಾರ್ರಿ" ಎಂದಳು ನರ್ಸು. "ನೀರು ಕೇಳ್ತಾರಂತ ಕೊಟ್ರ ಕುಡ್ಯಾಂಗಿಲ್ಲ, ಸಿಟ್ಟಿಗೇಳ್ತಾರ."

"ಮೂರು ಮೀಟರ್ ನಲವತ್ತೇನು, ಯಮನಪ್ಪಾ?" ಎಂದು ಕಸ್ತೂರಿ ಕೇಳಿದಳು.

ಅವನು ಕೈ ಕೆಳಗಿಟ್ಟ. ಆಮೇಲೆ ಮತ್ತೆ ಎತ್ತಲಿಲ್ಲ.

ಒಂಬತ್ತು ದಿನದ ಹಿಂದೆ, ಕಂಬ ಓದಿ ಮೆಟ್ಟಿಲು ಹತ್ತಿ ರಸ್ತೆಗೆ ಬಂದವನು ಆ ಅಳತೆ ಹೇಳುವ ಮೊದಲು ಬಿದ್ದಿದ್ದ. ಫೋನು ನೀರಿಗೆ ಹೋಗಿತ್ತೋ ಯಾರ ಕೈಗೆ ಹೋಗಿತ್ತೋ ತಿಳಿಯದು. ಆ ದಿನ ಆರೂ ಐದಕ್ಕೆ ಕೊಠಡಿಯಲ್ಲಿ ನಮೂದಾದದ್ದು ಒಂದು ಮೀಟರ್ ತೊಂಬತ್ತೈದು.

ಮನೆಗೆ ಬಂದಾಗ ಶಿವಯೋಗಿ ಹೋಳಿಗೆ ತಿನ್ನುತ್ತಿದ್ದ. ಅವಳು ಹುಳಿತ ಡಬ್ಬಿಯನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟಳು. ಅವನಿಗೆ ತಕ್ಷಣ ಅರ್ಥವಾಯಿತು.

"ಕೆಲಸದಾಗ ಇರ್ತೀನಲೇ. ನಿನಗ ಉತ್ತರ ಬೇಕಿತ್ತು, ಹೊತ್ತಿಗೆ ಸರಿಯಾಗಿ ಬಂತಿಲ್ಲ? ಉತ್ತರ ಕೊಡದ ಇದ್ರ ಬೇಜಾರಾಗ್ತಿದ್ದಿ."

ಬೆಳಗ್ಗೆ ಕಮತಗಿಯ ಬಾಯಿಂದ ಕೇಳಿದ್ದ ಮಾತನ್ನು ಅದೇ ಕ್ರಮದಲ್ಲಿ ಗಂಡನ ಬಾಯಿಂದ ಕೇಳಿ ಅವಳಿಗೆ ಜಗಳ ಆಡುವ ಮನಸ್ಸೂ ಉಳಿಯಲಿಲ್ಲ. ಬಚ್ಚಲಿಗೆ ಹೋಗಿ ಡಬ್ಬಿ ಸುರುವಿ, ಎರಡು ಸಲ ಸೋಪು ಹಚ್ಚಿ ಕೈ ತೊಳೆದಳು. ವಾಸನೆ ಹೋಗಲಿಲ್ಲ.

ಮರುದಿನ ಬೆಳಗ್ಗೆ ಅವಳು ಕಪಾಟಿನಿಂದ ಹಳೆಯ ಕಾಗದದ ದಾಖಲೆ ಪುಸ್ತಕ ತೆಗೆದು, ಹತ್ತು ದಿನದ ಹಿಂದಿನ ತಾರೀಖಿನ ಮುಂದೆ 'ಹೊಳೆಗುಂಡಾಳ, ಮೂರು ಮೀಟರ್ ನಲವತ್ತು, ಅಳತೆಗಾರ: ಯಮನಪ್ಪ ಅಂಬಿಗೇರ' ಎಂದು ಕೈಯಾರೆ ಬರೆದಳು. ಆರು ಗಂಟೆಗೆ ಕಂಪ್ಯೂಟರ್ ಹೊಳೆಗುಂಡಾಳದ ಅಳತೆ ಕೇಳಿತು. ಉತ್ತರ ಬರಲಿಲ್ಲ.

ಅವಳು ಫೋಟೋಗಳ ಸಮೇತ ಕೊಟ್ಟ ವರದಿಗೆ ಮೇಲಿನಿಂದ ಸ್ವೀಕೃತಿ ಬಂತು. ತಿಂಗಳ ಕೊನೆಯ ತಖ್ತೆಯಲ್ಲಿ ಹೊಳೆಗುಂಡಾಳದ ಹೆಸರಿನ ಮುಂದೆ, ಯಮನಪ್ಪ ಬಿದ್ದ ದಿನದಿಂದ ಅಮಾವಾಸ್ಯೆಯವರೆಗಿನ ಹತ್ತು ಅಳತೆಗಳಿಗೆ 'ಸಕಾಲ' ಎಂದೂ, ಆನಂತರದ ದಿನಗಳಿಗೆ 'ಲೋಪ' ಎಂದೂ ಅಚ್ಚಾಗಿತ್ತು. ಉಳಿದ ಹದಿನಾರು ತಾಣಗಳು ನೂರಕ್ಕೆ ನೂರು ಪಡೆದವು.